ಬಿಟ್ಟ ಜಾಗದ ಕಥೆ

ಕಳೆದ ಚೌತಿಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಬೈಂದೂರಿನ ಕಡೆಯ ಹುಡುಗ. ಈಗ ಬೆಂಗಳೂರಿನಲ್ಲಿ ಗಣಕಯಂತ್ರಗಳಿಗೆ ಕ್ರಮವಿಧಿ ಬರೆಯುವ ಉದ್ಯೋಗದಲ್ಲಿದ್ದಾನೆ. "ಎಂತ ಮಾಣಿ, ಕೆಲ್ಸ ಹ್ಯಾಂಗಿತ್ತ್?" ಎಂದು ಕೇಳಿದೆ.

"ಕೆಲ್ಸ ಅಡ್ಡಿಲ್ಲೆ ಸರ್. ಆರೆ ಎರಡ್ ವಾರದಿಂದ ಆಫೀಸಗೆ ಒಂದೇ ಗಲಾಟಿ. ಸಾಲ್ ಒಳಗೆ ತಳ್ಳುಕೆ ಟ್ಯಾಬ್ ಹಾಕ್ರೆ ಒಬ್ರಿಗೆ ಆತಿಲ್ಲೆ, ಸ್ಪೇಸ್ ಹಾಕ್ರೆ ಇನ್ನೊಬ್ರಿಗೆ ಆತಿಲ್ಲೆ. ಎಂತದೂ ಇಲ್ದಿದ್ ಜಾಗಕ್ಕೆ ಇಷ್ಟ್ ಜಗಳ!" ಎಂದು ನಕ್ಕ.

ನನಗೆ ನಗು ಬರಲಿಲ್ಲ. ಎಂತದೂ ಇಲ್ಲದ ಜಾಗದ ವಿಷಯದಲ್ಲಿಯೇ ನಾನೊಂದು ತಪ್ಪು ಮಾಡಿ, ಒಂದು ಮನೆಯವರ ಮುಂದೆ ತಲೆ ತಗ್ಗಿಸಿದವನು. ಅದನ್ನು ಕೊನೆಗೆ ಹೇಳುತ್ತೇನೆ. ಮೊದಲು ಈ ಜಗಳದ ಪರಿಚಯವಿಲ್ಲದ ವಾಚಕರಿಗಾಗಿ ಎರಡು ಮಾತು.

ಕ್ರಮವಿಧಿಯೆಂದರೆ ಯಂತ್ರಕ್ಕೆ ಕೊಡುವ ಆಜ್ಞೆಗಳ ಸಾಲುಸಾಲು. ಒಂದು ಆಜ್ಞೆಯ ಅಧೀನದಲ್ಲಿ ಇನ್ನು ನಾಲ್ಕು ಆಜ್ಞೆಗಳಿದ್ದರೆ, ಆ ನಾಲ್ಕನ್ನು ಎಡದ ಅಂಚಿನಿಂದ ಸ್ವಲ್ಪ ಒಳಕ್ಕೆ ತಳ್ಳಿ ಬರೆಯುವುದು ವಾಡಿಕೆ. ನಾವು ಕಾಗದ ಬರೆಯುವಾಗ ಹೊಸ ಕಂಡಿಕೆಯ ಮೊದಲ ಸಾಲನ್ನು ಒಳಕ್ಕೆ ತೆಗೆದುಕೊಳ್ಳುತ್ತೇವಲ್ಲ, ಆ ಬಗೆ. ಒಳಕ್ಕೆ ತಳ್ಳಲು ಎರಡು ದಾರಿ. ಕೀಲಿಮಣೆಯ ಉದ್ದನೆಯ ಪಟ್ಟಿಯನ್ನು ನಾಲ್ಕೋ ಎಂಟೋ ಸಲ ಒತ್ತಿ ಅಷ್ಟು ಬಿಡಿಬಿಡಿ ತೆರಪುಗಳನ್ನು ಹಾಕುವುದು ಒಂದು. ಟ್ಯಾಬ್ ಎಂಬ ಕೀಲಿಯನ್ನು ಒಂದೇ ಸಲ ಒತ್ತಿ ಒಂದು ನೆಗೆತದಲ್ಲಿ ಹೋಗುವುದು ಇನ್ನೊಂದು. ಕಣ್ಣಿಗೆ ಎರಡೂ ಒಂದೇ; ಯಂತ್ರದ ಹೊಟ್ಟೆಯೊಳಗೆ ಬೇರೆ ಬೇರೆ. ೧೯೬೩ರಲ್ಲಿ ಅಮೆರಿಕದವರು ಅಕ್ಷರಗಳಿಗೆಲ್ಲ ಅಂಕಿ ಕೊಟ್ಟು ಒಂದು ಪಟ್ಟಿ ಮಾಡಿದಾಗ, ಟ್ಯಾಬಿಗೆ ೯ ಎಂಬ ಅಂಕಿಯೂ ತೆರಪಿಗೆ ೩೨ ಎಂಬ ಅಂಕಿಯೂ ಬಂದವು. ತೆರಪು ತನ್ನ ಅಗಲವನ್ನು ತಾನೇ ಹೊತ್ತುಕೊಂಡಿರುತ್ತದೆ. ಟ್ಯಾಬು ಹಾಗಲ್ಲ, "ಇಲ್ಲಿ ಒಳಕ್ಕೆ ಹೋಗು" ಎಂದಷ್ಟೇ ಹೇಳುತ್ತದೆ, ಎಷ್ಟು ಎಂಬುದನ್ನು ಓದುವವನ ಯಂತ್ರಕ್ಕೆ ಬಿಡುತ್ತದೆ. ಜಗಳವೆಲ್ಲ ಇದರಿಂದಲೇ.

ಹುಡುಗ ಇದನ್ನು ಹೊಸ ಕಾಲದ ಹುಚ್ಚೆಂದು ತಿಳಿದಿದ್ದ. ಬರೆದದ್ದರ ಕಟ್ಟು ಎಲ್ಲಿದೆ, ಅಕ್ಷರದಲ್ಲೋ ಅಕ್ಷರವಿಲ್ಲದ ಕಡೆಯಲ್ಲೋ ಎಂಬ ಪ್ರಶ್ನೆ ನಮ್ಮೂರಿನ ಕಲ್ಲುಗಳಷ್ಟು ಹಳೆಯದು.

ನಮ್ಮ ಕಡೆ ಅಂಥ ಕಲ್ಲುಗಳಿಗೆ ಬರವಿಲ್ಲ. ಸೀತಾನದಿಯ ಬಳಿಯ ಬಾರಕೂರು ಆಳುಪರ ರಾಜಧಾನಿಯಾಗಿ, ಅನಂತರ ವಿಜಯನಗರದವರ ಬಾರಕೂರು ರಾಜ್ಯದ ಮುಖ್ಯಪಟ್ಟಣವಾಗಿ ಬಾಳಿದ ಊರು. ವಾರಾಹಿಯ ದಂಡೆಯ ಬಸರೂರು ಕಡಲ ವ್ಯಾಪಾರದ ರೇವು; ಪೋರ್ಚುಗೀಸರು ಅದಕ್ಕಾಗಿ ಹೊಡೆದಾಡಿದರು, ೧೬೬೫ರಲ್ಲಿ ಶಿವಾಜಿ ಹಡಗುಗಳಲ್ಲಿ ಬಂದು ಅದನ್ನು ಸೂರೆಮಾಡಿದನು. ಎರಡು ಊರಿನಲ್ಲಿಯೂ ಗುಡಿಗಳ ಅಂಗಳದಲ್ಲಿ ಶಾಸನಗಳು ನಿಂತಿವೆ. ವಡ್ಡರ್ಸೆಯಲ್ಲಿ ಆಳುಪ ಅಳುವರಸನ ಕಾಲದ್ದೊಂದು ಕನ್ನಡ ಶಾಸನವಿದೆ; ಲಿಪಿಯ ರೂಪ ನೋಡಿ ಏಳನೆಯ ಶತಮಾನದ್ದೆಂದು ವಿದ್ವಾಂಸರು ಹೇಳುತ್ತಾರೆ. ಕಲ್ಯಾಣಪುರದಲ್ಲಿ ಕಾಲೇಜಿನ ಪ್ರಾಂಶುಪಾಲರಾಗಿದ್ದುಕೊಂಡೇ ತುಳುನಾಡಿನ ಊರೂರು ಸುತ್ತಿ ಇಂಥ ಕಲ್ಲುಗಳನ್ನೂ ಗುಡಿಗಳನ್ನೂ ಪರಿಶೀಲಿಸಿ, ೧೯೭೫ರಲ್ಲಿ ದೊಡ್ಡ ಗ್ರಂಥವಾಗಿ ಪ್ರಕಟಿಸಿದ ಡಾ. ಪಾ. ಗುರುರಾಜ ಭಟ್ಟರನ್ನು ಇಲ್ಲಿ ನೆನೆಯಬೇಕು.

ವರ್ಷಕ್ಕೊಮ್ಮೆ ನಾನು ವಿದ್ಯಾರ್ಥಿಗಳನ್ನು ಬಾರಕೂರಿಗೆ ಕರೆದುಕೊಂಡು ಹೋಗುವುದುಂಟು. ಕಲ್ಲಿನ ನೆತ್ತಿಯ ಮೇಲೆ ಸೂರ್ಯ ಚಂದ್ರರು, ಲಿಂಗ, ಹಸು. ಅದರ ಕೆಳಗೆ ಅಕ್ಷರಗಳು. ವಿಜಯನಗರದ ಕಾಲದ ಲಿಪಿ ನಮ್ಮ ಈಗಿನ ಲಿಪಿಗೆ ತೀರ ದೂರದ್ದಲ್ಲ. ಒಂದೊಂದೇ ಅಕ್ಷರವನ್ನು ಹುಡುಗರು ಗುರುತಿಸುತ್ತಾರೆ. ಆದರೂ ಓದಲಾರರು! ಏಕೆಂದರೆ ಪದಗಳ ನಡುವೆ ಬಿಡುವಿಲ್ಲ. ಅಕ್ಷರದ ಬೆನ್ನಿಗೆ ಅಕ್ಷರ. ಕಲ್ಲಿನ ಅಗಲ ಮುಗಿದಲ್ಲಿ ಸಾಲು ಮುಗಿಯುತ್ತದೆ, ಪದ ಅರ್ಧಕ್ಕೆ ತುಂಡಾಗಿದ್ದರೂ ಚಿಂತೆಯಿಲ್ಲ. ಐದನೆಯ ಶತಮಾನದ ಹಲ್ಮಿಡಿ ಶಾಸನದಿಂದ ಇದೇ ಪದ್ಧತಿ. ಕೆತ್ತುವವನಿಗೆ ಬಿಡುವೆಂದರೆ ಹಾಳಾದ ಕಲ್ಲು. ಹುಡುಗರಿಗೆ ತಮಾಷೆಗೆಂದು ಕರಿಹಲಗೆಯ ಮೇಲೆ 'ಅರಸನಕಲಿ' ಎಂದು ಬರೆದು ತೋರಿಸುತ್ತೇನೆ. ಒಬ್ಬ 'ಅರಸನ ಕಲಿ' ಎಂದು ಓದಿ ವೀರನೊಬ್ಬನನ್ನು ಕಾಣುತ್ತಾನೆ. ಇನ್ನೊಬ್ಬ 'ಅರಸ ನಕಲಿ' ಎಂದು ಓದಿ ರಾಜದ್ರೋಹ ಮಾಡುತ್ತಾನೆ. ನಕಲಿಯೆಂಬ ಮಾತು ಆಳುಪರ ಕಾಲದಲ್ಲಿ ಇರಲಿಲ್ಲವಾದುದರಿಂದ ಶಾಸನ ಬರೆಯಿಸಿದವರಿಗೆ ಈ ಭಯವಿರಲಿಲ್ಲ. ನಮಗೆ ಉಂಟು.

ಇದು ನಮ್ಮವರ ಅಜ್ಞಾನವೆಂದು ಯಾರೂ ತಿಳಿಯಬಾರದು. ಯೂರೋಪಿನಲ್ಲಿ ಲ್ಯಾಟಿನನ್ನೂ ಹೀಗೆಯೇ ಒತ್ತೊತ್ತಾಗಿ ಬರೆಯುತ್ತಿದ್ದರು. ಪದಗಳನ್ನು ಬಿಡಿಸಿ ಬರೆಯುವ ರೂಢಿಯನ್ನು ಏಳು-ಎಂಟನೆಯ ಶತಮಾನದ ಸುಮಾರಿಗೆ ಬೆಳೆಸಿದವರು ಐರ್ಲೆಂಡಿನ ಮಠವಾಸಿಗಳು. ಅವರಿಗೆ ಲ್ಯಾಟಿನು ತಾಯಿನುಡಿಯಲ್ಲ, ಕಲಿತ ನುಡಿ. ಆದುದರಿಂದ ಕಣ್ಣಿಗೆ ಆಸರೆ ಬೇಕಾಯಿತು. ತನ್ನ ಮಾತನ್ನೇ ಓದುವವನಿಗೆ ಕಿವಿಯೇ ಸಾಕು. ನಮ್ಮ ಪೂರ್ವಿಕರು ಗಟ್ಟಿಯಾಗಿ ಓದುತ್ತಿದ್ದರು. ಓದುತ್ತಲೇ ಪದ ಬಿಡಿಸುತ್ತಿದ್ದರು.

ಕಲ್ಲಿನಿಂದ ಓಲೆಗೆ ಬಂದರೂ ಕಥೆ ಬದಲಾಗಲಿಲ್ಲ. ಓಲೆಗರಿ ಉದ್ದ, ಅಗಲ ಮಾತ್ರ ಎರಡು ಮೂರು ಬೆರಳು. ಕಬ್ಬಿಣದ ಕಂಟದಿಂದ ಗೀರಿ, ಮಸಿ ಉಜ್ಜಿದರೆ ಅಕ್ಷರ ಕಪ್ಪಾಗಿ ಎದ್ದು ಕಾಣುತ್ತದೆ. ಪದ್ಯಕ್ಕೆ ಸಾಲು ಬೇರೆ, ಗದ್ಯಕ್ಕೆ ಸಾಲು ಬೇರೆ ಎಂಬುದಿಲ್ಲ. ಗರಿಯ ಈ ತುದಿಯಿಂದ ಆ ತುದಿಯವರೆಗೆ ಎಲ್ಲವೂ ಒಂದೇ ಹರಿವು. ಇಡೀ ಗರಿಯಲ್ಲಿ ತಪ್ಪದೆ ಬಿಡುವ ಜಾಗ ಒಂದೇ: ದಾರ ಪೋಣಿಸುವ ತೂತಿನ ಸುತ್ತಮುತ್ತ. ಅದಕ್ಕೆ ಅರ್ಥವಿಲ್ಲ, ಅದು ದಾರದ ಪಾಲು.

ಹಾಗಾದರೆ ಪಂಪನ ಕಾವ್ಯವನ್ನೋ ಕುಮಾರವ್ಯಾಸನ ಭಾರತವನ್ನೋ ಓಲೆಯಲ್ಲಿ ಓದಿದವನಿಗೆ ಪಾದ ಎಲ್ಲಿ ಮುಗಿಯಿತೆಂದು ತಿಳಿಯುತ್ತಿದ್ದುದು ಹೇಗೆ? ಈ ಪ್ರಶ್ನೆಯನ್ನು ನಾನು ಛಂದಸ್ಸಿನ ತರಗತಿಯಲ್ಲಿ ಕೇಳುತ್ತೇನೆ. ಉತ್ತರ ಬಹಳ ಸೊಗಸಾದದ್ದು. ಕಟ್ಟು ಪದ್ಯದ ಮೈಯೊಳಗೇ ಇತ್ತು. ಕನ್ನಡದ ಪ್ರತಿಯೊಂದು ಪಾದದ ಎರಡನೆಯ ಅಕ್ಷರವೂ ಒಂದೇ ವ್ಯಂಜನವಾಗಿರಬೇಕೆಂಬುದು ಆದಿಪ್ರಾಸದ ನಿಯಮ. ಮೊದಲ ಪಾದದ ಎರಡನೆಯ ಅಕ್ಷರ 'ಲ' ಆದರೆ, ಮಾತ್ರೆಗಳ ಲೆಕ್ಕ ತುಂಬುವ ಹೊತ್ತಿಗೆ ಕಿವಿ ಇನ್ನೊಂದು 'ಲ'ಕಾರಕ್ಕಾಗಿ ಕಾಯುತ್ತದೆ. ಅದು ಬಂದಿತೋ, ಹೊಸ ಪಾದ ಹುಟ್ಟಿತು. ಕಂದಪದ್ಯದಲ್ಲಿ ಹನ್ನೆರಡು ಮಾತ್ರೆ, ಇಪ್ಪತ್ತು ಮಾತ್ರೆ, ಮತ್ತೆ ಹನ್ನೆರಡು, ಇಪ್ಪತ್ತು. ಭಾಮಿನಿ ಷಟ್ಪದಿಯಲ್ಲಿ ಮೂರು ನಾಲ್ಕು, ಮೂರು ನಾಲ್ಕು ಎಂದು ಹದಿನಾಲ್ಕು ಮಾತ್ರೆಯ ಸಾಲು ಎರಡು. ಮೂರನೆಯದು ಇಪ್ಪತ್ತಮೂರು ಮಾತ್ರೆ. ಆಮೇಲೆ ಅದೇ ಪುನಃ. ಪದ ಒಂದು ಪಾದದಿಂದ ಇನ್ನೊಂದಕ್ಕೆ ಉಕ್ಕಿ ಹರಿದರೂ ಗಣಿತ ತಪ್ಪುವುದಿಲ್ಲ. ಇಷ್ಟರ ಮೇಲೆ ಒಂಟಿ ಗೆರೆ, ಜೋಡಿ ಗೆರೆ, ಪದ್ಯದ ಅಂಕಿ. ಚಂಪೂಕಾವ್ಯವಾದರೆ ಕಂದಕ್ಕೆ 'ಕಂ', ವಚನಕ್ಕೆ 'ವ' ಎಂಬ ತಲೆಗುರುತು. ಬಿಟ್ಟ ಜಾಗದ ಹಂಗು ಎಳ್ಳಷ್ಟೂ ಇಲ್ಲ.

ಇದನ್ನು ಹೇಳಿದಾಗ ನನ್ನ ಬೈಂದೂರಿನ ಹುಡುಗ ನೆಟ್ಟಗೆ ಕುಳಿತ. "ಸರ್, ಇದ್ ನಮ್ಮ್ ಸಿ ಭಾಷಿ ಕಣಗೆ ಇತ್ತಲೆ!" ಎಂದ. ನಿಜ. ೧೯೭೨ರ ಸುಮಾರಿಗೆ ಡೆನಿಸ್ ರಿಚಿ ರೂಪಿಸಿದ ಸಿ ಎಂಬ ಕ್ರಮವಿಧಿಯ ಭಾಷೆಯಲ್ಲಿ, ಲೆಕ್ಕದ ಪುಸ್ತಕದಲ್ಲಿರುವ ಪುಷ್ಪಾವರಣದಂಥ ಚಿಹ್ನೆಗಳೇ ಆಜ್ಞೆಗಳ ಗುಂಪನ್ನು ಕಟ್ಟುತ್ತವೆ. ಸಾಲುಗಳನ್ನು ಒಳಕ್ಕೆ ತಳ್ಳಿದರೂ ಸರಿ, ತಳ್ಳದೆ ಓಲೆಗರಿಯಂತೆ ಉದ್ದಕ್ಕೆ ಬರೆದರೂ ಸರಿ, ಯಂತ್ರಕ್ಕೆ ಭೇದವಿಲ್ಲ. ತಳ್ಳುವುದು ಮನುಷ್ಯನ ಕಣ್ಣಿಗಾಗಿ. ಅದರ ಬದಲು, ಹಾಲೆಂಡಿನ ಗೈಡೊ ವಾನ್ ರಾಸಮ್ ೧೯೯೧ರಲ್ಲಿ ಹೊರಗೆ ಬಿಟ್ಟ, ನಮ್ಮ ಮಕ್ಕಳು ಈಗ ಕಾಲೇಜಿನಲ್ಲಿ ಕಲಿಯುವ ಪೈಥಾನ್ ಎಂಬ ಭಾಷೆಯಲ್ಲಿ ಆವರಣ ಚಿಹ್ನೆಯಿಲ್ಲ. ಒಳಕ್ಕೆ ತಳ್ಳಿದ ಜಾಗವೇ ವ್ಯಾಕರಣ. ಜಾಗ ತಪ್ಪಿದರೆ ಅರ್ಥ ತಪ್ಪುತ್ತದೆ. ಇಂಥದೊಂದು ನಿಯಮವನ್ನು ೧೯೬೬ರಲ್ಲೇ ಪೀಟರ್ ಲ್ಯಾಂಡಿನ್ ಎಂಬ ಆಂಗ್ಲ ವಿದ್ವಾಂಸ ಸೂಚಿಸಿದ್ದನು. ಸಿ ಓಲೆಗರಿಯ ಸಂತಾನ. ಪೈಥಾನ್ ಅಚ್ಚುಕೂಟದ ಸಂತಾನವೆಂದು ನಾನು ಅವನಿಗೆ ಹೇಳಿದೆ. ಸಂತಾನವೆಂಬುದು ಮಾತಿನ ಅಲಂಕಾರ, ವಂಶಾವಳಿ ಕೇಳಬಾರದು.

ಅಚ್ಚುಕೂಟದ ಮಾತು ಬಂದಿತು. ನಮ್ಮ ಕರಾವಳಿಯ ಬರವಣಿಗೆಗೆ ಹೊಸ ಕಾಲ ಬಂದದ್ದು ಮಂಗಳೂರಿನಿಂದ. ಬಾಸೆಲ್ ಮಿಶನ್ನಿನವರು ಅಲ್ಲಿ ೧೮೪೧ರಲ್ಲಿ ಅಚ್ಚುಕೂಟ ತೆರೆದರು. ಮೊದಮೊದಲು ಕಲ್ಲಚ್ಚು: ವಿಶೇಷ ಮಸಿಯಲ್ಲಿ ಕೈಯಿಂದ ಬರೆದುದನ್ನೇ ಕಲ್ಲಿನ ಮೇಲಿಳಿಸಿ ಪ್ರತಿ ತೆಗೆಯುವ ವಿದ್ಯೆ. ಹರ್ಮನ್ ಮೋಗ್ಲಿಂಗರ 'ಮಂಗಳೂರ ಸಮಾಚಾರ' ೧೮೪೩ರ ಜುಲೈ ೧ರಂದು ಹುಟ್ಟಿದ್ದು ಕಲ್ಲಚ್ಚಿನಲ್ಲಿ. ಅವರೇ ೧೮೪೮ರಿಂದ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮುಂತಾದ ಪ್ರಾಚೀನ ಕೃತಿಗಳನ್ನು ಮಾಲೆಯಾಗಿ ಅಚ್ಚುಮಾಡಿಸಿದರು. ೧೮೭೫ರಲ್ಲಿ ಕಿಟ್ಟೆಲರು ನಾಗವರ್ಮನ ಛಂದೋಂಬುಧಿಯನ್ನು ಮಂಗಳೂರಿನಲ್ಲಿಯೇ ಹೊರತಂದರು. ಓಲೆಯ ಒಂದೇ ಹರಿವು ಹಾಳೆಯ ಮೇಲೆ ಸಾಲುಸಾಲಾಗಿ ಒಡೆದು ನಿಂತದ್ದು ಇಂಥವರ ಕೈಯಲ್ಲಿ. ನಮ್ಮ ಕುಂದಾಪುರದ ಶಾಲೆಯಲ್ಲಿಯೂ ಕೆಲಕಾಲ ವ್ಯಾಯಾಮ ಶಿಕ್ಷಕನಾಗಿದ್ದ ಮುದ್ದಣ, ತಾನು ಬರೆದ ಹಳಗನ್ನಡ ಗದ್ಯವನ್ನು ಯಾವುದೋ ಹಳೆಯ ಪ್ರತಿಯಿಂದ ಸಿಕ್ಕಿದ್ದೆಂಬಂತೆ ಮೈಸೂರಿಗೆ ಕಳಿಸಿ ಅಚ್ಚು ಮಾಡಿಸಿದುದು ಎಲ್ಲರಿಗೂ ತಿಳಿದ ಕಥೆ. ೧೯೦೧ರಲ್ಲಿ, ಮೂವತ್ತೊಂದರ ಹರೆಯದಲ್ಲಿ, ಆತ ತೀರಿಕೊಂಡನು. ಓಲೆಯ ಕಾಲದವನಂತೆ ನಟಿಸಿ ಅಚ್ಚಿನ ಕಾಲದಲ್ಲಿ ಬದುಕಿದ ಆತನಿಗೆ ಎರಡು ಲೋಕದ ಗುಟ್ಟೂ ಗೊತ್ತಿದ್ದಿರಬೇಕು.

ಮೊಳೆಯಚ್ಚು ಬಂದ ಮೇಲೆ ಒಂದು ವಿಚಿತ್ರ ನಡೆಯಿತು. ಕೈಬರಹದಲ್ಲಿ ಬಿಟ್ಟ ಜಾಗವೆಂದರೆ ಏನನ್ನೂ ಬರೆಯದೆ ಇರುವುದು. ಮೊಳೆಯಲ್ಲಿ ಹಾಗಲ್ಲ, ಏನೂ ಇಲ್ಲದ ಕಡೆಯಲ್ಲಿ ಏನಾದರೂ ಇರಲೇಬೇಕು, ಇಲ್ಲದಿದ್ದರೆ ಸಾಲು ಸಡಿಲವಾಗಿ ಮೊಳೆಗಳು ಉದುರುತ್ತವೆ. ಅದಕ್ಕಾಗಿ ಅಕ್ಷರದ ಮುಖವಿಲ್ಲದ, ಎತ್ತರ ಕಡಿಮೆಯಾದ ಸೀಸದ ತುಂಡುಗಳು. ಮೊಳೆಯ ಎತ್ತರದಷ್ಟೇ ಅಗಲವುಳ್ಳ ಚಚ್ಚೌಕದ ತುಂಡಿಗೆ ಎಮ್ ಕ್ವಾಡು, ಅದರ ಅರ್ಧಕ್ಕೆ ಎನ್ ಕ್ವಾಡು, ಮೂರರಲ್ಲಿ ಒಂದು ಪಾಲು, ನಾಲ್ಕರಲ್ಲಿ ಒಂದು, ಐದರಲ್ಲಿ ಒಂದು ಪಾಲಿನ ಸ್ಪೇಸುಗಳು. ಕಂಪಾಸಿಟರನ ಕೇಸಿನಲ್ಲಿ ಅಕ್ಷರಗಳಿಗೆ ಮನೆಯಿದ್ದಂತೆ ಇವಕ್ಕೂ ಮನೆ. ಅಚ್ಚುಕೂಟದ ಒಡೆಯ ಬಿಟ್ಟ ಜಾಗವನ್ನು ತೂಕಕ್ಕೆ ಕೊಳ್ಳುತ್ತಿದ್ದನು! ಕಂಡಿಕೆಯ ಆರಂಭದಲ್ಲಿ ಒಂದು ಎಮ್ ಕ್ವಾಡು ಇಡುವುದು ಕೆಲಸ ಕಲಿಯುವ ಹುಡುಗನ ಮೊದಲನೆಯ ಪಾಠ. ಆ ರೂಢಿಯ ಮೂಲವೂ ಸ್ವಾರಸ್ಯವಾದುದು: ಯೂರೋಪಿನ ಮೊದಲ ಮುದ್ರಕರು ಕಂಡಿಕೆಯ ತಲೆಯಲ್ಲಿ ಕೆಂಪು ಮಸಿಯ ಚಿಹ್ನೆ ಬರೆಯಿಸಲೆಂದು ಜಾಗ ಬಿಡುತ್ತಿದ್ದರು, ಬರೆಯುವವನಿಗೆ ಪುರಸತ್ತಿಲ್ಲದೆ ಜಾಗ ಖಾಲಿ ಉಳಿಯತೊಡಗಿತು, ಕೊನೆಗೆ ಖಾಲಿ ಜಾಗವೇ ಚಿಹ್ನೆಯಾಯಿತು ಎನ್ನುತ್ತಾರೆ.

ನಮ್ಮ ಷಟ್ಪದಿಗಳಿಗೆ ಈ ಸೀಸದ ತುಂಡುಗಳು ಹೊಸ ಮೈಕಟ್ಟು ಕೊಟ್ಟವು. ಗಿಡ್ಡ ಸಾಲು ಎರಡು, ಉದ್ದ ಸಾಲು ಒಂದು. ಗಿಡ್ಡವನ್ನು ಒಳಕ್ಕೆ ತಳ್ಳಬೇಕೋ ಉದ್ದವನ್ನು ತಳ್ಳಬೇಕೋ ಎಂಬಲ್ಲಿ ಒಂದೊಂದು ಅಚ್ಚುಕೂಟದ್ದು ಒಂದೊಂದು ಮತ. ನಮ್ಮ ಕಡೆಯ ಹಳೆಯ ಅಗ್ಗದ ಯಕ್ಷಗಾನ ಪ್ರಸಂಗದ ಪ್ರತಿಗಳಲ್ಲಿ ಮಾತ್ರ, ಕಾಗದ ಉಳಿಸುವುದಕ್ಕಾಗಿ ಪದ್ಯಗಳು ಗದ್ಯದಂತೆ ಒತ್ತೊತ್ತಾಗಿ ಓಡುವುದನ್ನು ಕಂಡಿದ್ದೇನೆ. ಭಾಗವತರಿಗೆ ಅದರಿಂದ ತೊಂದರೆಯಿರಲಿಲ್ಲ. ಅವರು ಓಲೆಯ ಮರಿಮಕ್ಕಳು. ಕೋಟದ ಶಿವರಾಮ ಕಾರಂತರು 'ಯಕ್ಷಗಾನ ಬಯಲಾಟ' ಬರೆದು ೧೯೫೯ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದಾಗ ಈ ಪ್ರಸಂಗ ಸಾಹಿತ್ಯದ ಮೇಲೆ ವಿದ್ವಾಂಸರ ಕಣ್ಣು ಬಿದ್ದಿತು. ಪುತ್ತೂರಿನಲ್ಲಿ ತಮ್ಮದೇ ಮುದ್ರಣಾಲಯ ನಡೆಸಿದ ಅವರಿಗೆ ಸೀಸದ ತುಂಡಿನ ಬೆಲೆಯೂ ತಿಳಿದಿತ್ತು.

ಆದರೆ ಬಿಟ್ಟ ಜಾಗ ಅಲಂಕಾರದ ಮಟ್ಟದಿಂದ ಆವಶ್ಯಕತೆಯ ಮಟ್ಟಕ್ಕೆ ಏರಿದುದು ಪ್ರಾಸ ಬಿದ್ದ ಮೇಲೆ. ಮಂಜೇಶ್ವರದ ಗೋವಿಂದ ಪೈಗಳು ೧೯೧೧ರಲ್ಲಿ ಆದಿಪ್ರಾಸವನ್ನು ಬಿಟ್ಟರು. ಪಂಡಿತರು ಮುನಿದರು. ಪ್ರಾಸವೇನೋ ಹೋಯಿತು, ಅದರ ಜತೆಗೆ ಪಾದದ ಆರಂಭವನ್ನು ಕಿವಿಗೆ ಸಾರುತ್ತಿದ್ದ ಡಂಗುರವೂ ಹೋಯಿತು. ಇನ್ನು ಆ ಕೆಲಸವನ್ನು ಕಣ್ಣು ಮಾಡಬೇಕಾಯಿತು. ಮಾತ್ರೆಯ ಲೆಕ್ಕವಾದರೂ ಉಳಿದಿತ್ತು; ನವ್ಯರು ಅದನ್ನೂ ಸಡಿಲಿಸಿದರು. ಈಗಿನ ಬೈಂದೂರು ತಾಲೂಕಿನ ಮೊಗೇರಿಯಲ್ಲಿ ೧೯೧೮ರಲ್ಲಿ ಹುಟ್ಟಿದ ಗೋಪಾಲಕೃಷ್ಣ ಅಡಿಗರು ೧೯೫೪ರಲ್ಲಿ ತಂದ ಸಂಗ್ರಹದ ಹೆಸರು 'ಚಂಡೆಮದ್ದಳೆ'. ಹೆಸರು ನಮ್ಮ ಬಯಲಾಟದ ರಂಗಸ್ಥಳದಿಂದ ಬಂದದ್ದು, ಪದ್ಯದ ನಡೆ ಮಾತ್ರ ಹೊಸದು. ಒಂದು ಸಾಲು ಉದ್ದ, ಇನ್ನೊಂದು ಮೊಟಕು. ಸಾಲು ಎಲ್ಲಿ ಮುರಿಯಬೇಕೆಂಬುದನ್ನು ಆಡುಮಾತಿನ ಉಸಿರು ನಿರ್ಧರಿಸಬೇಕು. ಆ ಉಸಿರಿಗೆ ಗುರುತು ಹಾಳೆಯ ಬಿಳಿಯೊಂದೇ. ಅಡಿಗರ ಪದ್ಯವನ್ನು ಓಲೆಗರಿಯ ರೀತಿಯಲ್ಲಿ ಬರೆದುಕೊಟ್ಟರೆ ಕುಮಾರವ್ಯಾಸನ ಪದ್ಯದಂತೆ ಅದನ್ನು ಮರಳಿ ಕಟ್ಟಲು ಯಾವ ಪಂಡಿತನಿಂದಲೂ ಆಗದು. ಆವರಣ ಚಿಹ್ನೆಯಿಲ್ಲದ ಪೈಥಾನಿನ ಪಾಡೂ ಇದೇ.

ಬೆರಳಚ್ಚು ಯಂತ್ರದ ವಿಷಯ ಹೆಚ್ಚು ಹೇಳಲಿಕ್ಕಿಲ್ಲ. ಅದರಲ್ಲಿ ಒಂದು ಒತ್ತಿಗೆ ಗಾಡಿ ಒಂದು ಹೆಜ್ಜೆ. ಅಂಕಿಗಳ ಪಟ್ಟಿ ಮಾಡುವಾಗ ಒಂದೊಂದೇ ಹೆಜ್ಜೆ ನಡೆದು ಬೇಸತ್ತವರಿಗಾಗಿ ಟ್ಯಾಬ್ ಎಂಬ ಕೀಲಿ ಹುಟ್ಟಿತು. ಎಲ್ಲಿ ನಿಲ್ಲಬೇಕೆಂದು ಮೊದಲೇ ತಡೆಗಳನ್ನು ಇಟ್ಟುಕೊಂಡರೆ ಗಾಡಿ ಅಲ್ಲಿಗೆ ಸರ್ರನೆ ಓಡುತ್ತದೆ. ಈ ಕೀಲಿಯೇ ಗಣಕಯಂತ್ರಕ್ಕೂ ಬಂತು. ಅಲ್ಲಿ ಅದಕ್ಕಿಂತ ಮೊದಲೇ ತೂತುಕಾರ್ಡುಗಳ ಕಾಲದಲ್ಲಿ ಜಾಗದ ಕಟ್ಟಳೆ ಬಿಗಿಯಾಗಿತ್ತು: ೧೯೫೭ರ ಫೋರ್ಟ್ರಾನ್ ಭಾಷೆಯಲ್ಲಿ ಎಂಬತ್ತು ಮನೆಯ ಕಾರ್ಡಿನಲ್ಲಿ ಆಜ್ಞೆ ಏಳನೆಯ ಮನೆಯಿಂದ ಎಪ್ಪತ್ತೆರಡರೊಳಗೆ ಇರಬೇಕು, ಆಚೆ ಹೋದರೆ ಅದಕ್ಕೆ ಬೆಲೆಯಿಲ್ಲ. ೧೯೭೬ರಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ಎಂಬವನು ಬೆಲ್ ಪ್ರಯೋಗಶಾಲೆಯಲ್ಲಿ 'ಮೇಕ್' ಎಂಬ ಸಾಧನ ಮಾಡಿ, ಅದರಲ್ಲಿ ಕೆಲವು ಸಾಲುಗಳು ಟ್ಯಾಬಿನಿಂದಲೇ ಆರಂಭವಾಗಬೇಕೆಂದು ವಿಧಿಸಿದನು. ತಪ್ಪೆಂದು ಅವನಿಗೇ ಬೇಗ ಗೊತ್ತಾಯಿತು. ಆದರೆ ಅಷ್ಟರಲ್ಲಿ ಹತ್ತು ಹನ್ನೆರಡು ಮಂದಿ ಅದನ್ನು ಬಳಸತೊಡಗಿದ್ದರು, ಅವರಿಗೇಕೆ ತೊಂದರೆಯೆಂದು ಬಿಟ್ಟುಬಿಟ್ಟನು. ಅದೇ ವಿಧಿ ಇಂದಿಗೂ ನಡೆದಿದೆ. ಹನ್ನೆರಡು ಮಂದಿಯ ಮೇಲಿನ ದಾಕ್ಷಿಣ್ಯ ಲಕ್ಷಾಂತರ ಮಂದಿಯ ತಲೆನೋವಾದ ಉದಾಹರಣೆ ಬೇಕಾದವರು ಇದನ್ನು ಇಟ್ಟುಕೊಳ್ಳಬಹುದು. ಪೈಥಾನಿನವರು ೨೦೦೧ರ ತಮ್ಮ ಶೈಲಿಯ ಕೈಪಿಡಿಯಲ್ಲಿ ನಾಲ್ಕು ತೆರಪೆಂದರು. ೨೦೦೯ರಲ್ಲಿ ಬಂದ ಗೋ ಎಂಬ ಭಾಷೆಯವರು ಟ್ಯಾಬೆಂದರು. ಟ್ಯಾಬಿನ ಪಕ್ಷದವರ ಒಂದು ವಾದ ನನಗೆ ಹಿಡಿ‌ಸಿತು: ಕಣ್ಣು ಮಂದವಾದವರು ಅಕ್ಷರ ದೊಡ್ಡದು ಮಾಡಿಕೊಂಡು ಓದುವಾಗ, ಟ್ಯಾಬಿನ ಅಗಲವನ್ನು ತಮಗೆ ಬೇಕಾದಷ್ಟು ಕುಗ್ಗಿಸಿಕೊಳ್ಳಬಹುದು, ಎಣಿಸಿ ಇಟ್ಟ ತೆರಪನ್ನು ಹಾಗೆ ಮಾಡಲು ಬರುವುದಿಲ್ಲ.

ಕನ್ನಡಕ್ಕೆ ಗಣಕದಲ್ಲಿ ಇನ್ನೊಂದು ಬಗೆಯ ಬಿಟ್ಟ ಜಾಗವೂ ಉಂಟು, ಅಗಲವೇ ಇಲ್ಲದ್ದು. ನಮ್ಮ ಜಿಲ್ಲೆಯ ಕಡೆಯವರೇ ಆದ ಕಿನ್ನಿಕಂಬಳದ ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯಲ್ಲಿ ನಾವೆಲ್ಲ ಕನ್ನಡ ಬೆರಳಚ್ಚಿಸುತ್ತೇವೆ. 'ರಾಜ್‌ಕುಮಾರ್' ಎಂದು ಬರೆಯುವಾಗ 'ಜ್' ಆದ ಮೇಲೆ ಯಂತ್ರಕ್ಕೆ "ಇಲ್ಲಿ ತಡೆ" ಎಂದು ಹೇಳದಿದ್ದರೆ, 'ಕು' ಹೋಗಿ 'ಜ'ದ ಕಾಲಡಿಗೆ ಒತ್ತಾಗಿ ಸೇರಿಬಿಡುತ್ತದೆ. ಆ ತಡೆಗೆ ಅಂಕಿಯುಂಟು, ಅಗಲವಿಲ್ಲ. ಕೇಶಿರಾಜ ಬದುಕಿದ್ದರೆ ಇದಕ್ಕೊಂದು ಸೂತ್ರ ಬರೆಯುತ್ತಿದ್ದನು.

ಇನ್ನು ನನ್ನ ತಪ್ಪು.

ಬ್ರಹ್ಮಾವರದ ಆಚೆಗಿನ ಒಂದು ಹಳ್ಳಿಯಲ್ಲಿ ಹಿರಿಯ ಭಾಗವತರೊಬ್ಬರಿದ್ದರು. ಅವರು ತೀರಿಕೊಂಡ ವರ್ಷದೊಳಗೆ ಮನೆಯವರು ಅವರ ಒಂದು ಪ್ರಸಂಗದ ಕೈಬರಹವನ್ನು ನನಗೆ ತಂದುಕೊಟ್ಟು, ವರ್ಷಾಂತಕ್ಕೆ ಪುಸ್ತಕವಾಗಬೇಕೆಂದರು. ಶಾಲೆಯ ನೋಟುಪುಸ್ತಕ, ನೀಲಿ ಮಸಿ. ನಾನೇ ಕುಳಿತು ಬೆರಳಚ್ಚಿಸಿದೆ. ಭಾಮಿನಿ, ವಾರ್ಧಕ, ಕಂದಗಳಲ್ಲಿ ತೊಡಕಿಲ್ಲ. ಅವು ತಾಳವಿಲ್ಲದೆ ಹಾಡುವ ಪದ್ಯಗಳು. ತಾಳದ ಪದಗಳಲ್ಲಿ ಮಾತ್ರ ಅಲ್ಲಲ್ಲಿ ಸಾಲಿನ ನಡುವೆ ಒಂದು ಬೆರಳೋ ಎರಡು ಬೆರಳೋ ಜಾಗ ಬಿಟ್ಟಿತ್ತು. ವೃದ್ಧರ ಕೈ ನಡುಗಿದ್ದಿರಬೇಕೆಂದು ತಿಳಿದೆ. ಆದರೂ ಪ್ರತಿಯಲ್ಲಿದ್ದುದು ಇದ್ದಂತೆ ಇರಲಿ ಎಂಬ ಗ್ರಂಥಸಂಪಾದನೆಯ ಅಭ್ಯಾಸಬಲದಿಂದ, ಆ ಜಾಗಗಳನ್ನು ಉಳಿಸಿಕೊಂಡೆ. ಕೆಲವು ಕಡೆ ತೆರಪು ಒತ್ತಿ, ಕೆಲವು ಕಡೆ ಟ್ಯಾಬು ಒತ್ತಿ, ಕೈಗೆ ಬಂದಂತೆ. ಅಚ್ಚಿನವರು ಅದನ್ನು ಬೇರೆ ಲಿಪಿಗೆ ಪರಿವರ್ತಿಸಿ, ಪುಟ ಕಟ್ಟುವ ಮೊದಲು ಹೆಚ್ಚುವರಿ ತೆರಪು, ಟ್ಯಾಬುಗಳನ್ನೆಲ್ಲ ಒಂದೇ ಆಜ್ಞೆಯಲ್ಲಿ ಗುಡಿಸಿ ಚೊಕ್ಕ ಮಾಡಿದರು. ಅವರ ಕೆಲಸದ ಕ್ರಮವೇ ಅದು. ಕರಡು ನನ್ನ ಕೈಗೆ ಬಂತು. ಕಾಗುಣಿತ ತಿದ್ದಿದೆ, ಒತ್ತಕ್ಷರ ತಿದ್ದಿದೆ. ಇಲ್ಲದ್ದನ್ನು ಇಲ್ಲವೆಂದು ಕಾಣುವ ಕಣ್ಣು ನನಗಿರಲಿಲ್ಲ.

ವರ್ಷಾಂತದ ದಿನ ಪುಸ್ತಕವನ್ನು ಮಗನ ಕೈಗಿತ್ತೆ. ಅವರೂ ಭಾಗವತರೇ. ಪುಟ ತೆರೆದು ಮೆಲುದನಿಯಲ್ಲಿ ಒಂದು ಪದ ಎತ್ತಿಕೊಂಡರು. ನಡುವೆ ನಿಲ್ಲಿಸಿ, ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು.

"ಅಪ್ಪಯ್ಯ ಬಿಟ್ಟದ್ದೆಲ್ಲ ಎಲ್ಲಿಗ್ ಹೋಯ್ತ್ ಮಾಷ್ಟ್ರೆ?"

ಆಮೇಲೆ ತಿಳಿಯಿತು. ಎಲ್ಲಿ ಸ್ವರ ನಿಲ್ಲಿಸಿ ಚಂಡೆ ಮದ್ದಳೆಗೂ ವೇಷಧಾರಿಯ ಕುಣಿತಕ್ಕೂ ಎಡೆ ಕೊಡಬೇಕೋ ಅಲ್ಲಿ ತಂದೆ ಜಾಗ ಬಿಟ್ಟು ಬರೆಯುತ್ತಿದ್ದರು. ಬಿಡ್ತಿಗೆ ಎಂಬ ಮಾತನ್ನು ನಾನು ಎಷ್ಟೋ ಸಲ ಕೇಳಿದ್ದೆ. ಅದರೊಳಗೆ ಬಿಡು ಎಂಬುದು ಕೇಳಿಸುತ್ತದೆಂದು ಅಂದೇ ಹೊಳೆದದ್ದು. ನೋಟುಪುಸ್ತಕವನ್ನು ನೋಡಿ ಮರುಮುದ್ರಣ ಮಾಡೋಣವೆಂದೆ. ಒಂದು ಮಳೆಗಾಲ ತಡಮಾಡಿದೆ. ಆ ಮಳೆಗೆ ಅವರ ಮನೆಯ ಅಟ್ಟ ಸೋರಿ, ನೀಲಿ ಮಸಿ ಪುಟದಿಂದ ಪುಟಕ್ಕೆ ಹರಿದುಹೋಗಿತ್ತು.

ಉಳಿದದ್ದು ನನ್ನ ಗಣಕದಲ್ಲಿದ್ದ ಮೊದಲ ಪ್ರತಿ. ಚೌತಿಯ ಮರುದಿನ ಬೈಂದೂರಿನ ಹುಡುಗ ಅದನ್ನು ತೆರೆದು, ಕಾಣದ ಅಕ್ಷರಗಳು ಕಾಣುವಂತೆ ಮಾಡಿದ. ತೆರಪಿದ್ದಲ್ಲಿ ಚಿಕ್ಕ ಚಿಕ್ಕ ಚುಕ್ಕಿ, ಟ್ಯಾಬಿದ್ದಲ್ಲಿ ಒಂದು ಬಾಣ. ಭಾಗವತರ ಮಗನನ್ನೂ ಕರೆಸಿದ್ದೆ. ಹುಡುಗ ತೆರಪಿನ ಪಕ್ಷದವನು. ಚುಕ್ಕಿಗಳಿದ್ದಲ್ಲಿ ಜಾಗವೆಷ್ಟೆಂದು ಎಣಿಸಬಹುದು, ಬಾಣವಿದ್ದಲ್ಲಿ ಅಳತೆ ಹೋಯಿತು ಎಂದು ಖಿನ್ನನಾದ. ನನಗೂ ಹಾಗೆಯೇ ಅನಿಸಿತು. ಭಾಗವತರು ಕೇಳಿ ನಕ್ಕುಬಿಟ್ಟರು.

"ಎಷ್ಟ್ ಬಿಡ್ಕ್ ಅಂಬುದ್ ಬರೂಕೆ ಬತ್ತಾ ಮಾಣಿ? ಅದ್ ಆ ದಿನದ ಚಂಡಿಗೆ, ವೇಷಕ್ಕೆ ಬಿಟ್ಟದ್. ಇಲ್ಲಿ ಬಿಡ್ಕ್ ಅಂಬುದ್ ಗೊತ್ತಾರ್ ಸಾಕ್."

ಹಾಗಾಗಿ ಬಾಣಗಳೆಲ್ಲ ಉಳಿದವು. ತೊಡಕು ಬಂದದ್ದು ಚುಕ್ಕಿಗಳಲ್ಲಿ. ಐದು ಆರು ಚುಕ್ಕಿಗಳಿದ್ದಲ್ಲಿ ಸಂಶಯವಿಲ್ಲ. ಹದಿನೇಳು ಕಡೆ ಎರಡೆರಡೇ ಚುಕ್ಕಿ. ಅದು ತಂದೆಯವರು ಬಿಟ್ಟ ಜಾಗವೋ, ನನ್ನ ಹೆಬ್ಬೆರಳು ಜಾರಿ ಎರಡು ಸಲ ಒತ್ತಿದ್ದೋ? ಭಾಗವತರು ಒಂದೊಂದನ್ನೂ ಬಿಟ್ಟು ಹಾಡಿದರು, ಬಿಡದೆ ಹಾಡಿದರು. ತೊಡೆಯ ಮೇಲೆ ತಾಳ ಹಾಕಿ ತಂದೆಯ ಧಾಟಿಯನ್ನು ನೆನಪಿಗೆ ತಂದುಕೊಂಡರು. ಕತ್ತಲಾಗುವ ಹೊತ್ತಿಗೆ ಹದಿಮೂರು ತೀರ್ಮಾನವಾದವು. ನಾಲ್ಕು ಹಾಗೆಯೇ ಉಳಿದಿವೆ. ಮುಂದಿನ ತಿರುಗಾಟ ಹೊರಡುವ ಮೊದಲು ಪುಸ್ತಕ ಆಗಬೇಕೆಂದು ಅವರ ಆಸೆ. ಆ ನಾಲ್ಕನ್ನು ಹೇಗೆ ಅಚ್ಚು ಹಾಕಿಸುವುದೆಂದು ಅವರೂ ಹೇಳಿಲ್ಲ, ನಾನೂ ಕೇಳಿಲ್ಲ.